ಬಿಟ್ಟಿ ಕೋಣೆ

ಕಳೆದ ಎರಡು ಸಂಚಿಕೆಗಳಲ್ಲಿ ಈ ಪುಟವು ಕಾಣಲಿಲ್ಲವೆಂದು ಮೂರು ನಾಲ್ಕು ಮಂದಿ ವಾಚಕರು ಸಂಪಾದಕರಿಗೆ ಕಾಗದ ಬರೆದಿದ್ದರಂತೆ. ಒಬ್ಬರಂತೂ, ಬರೆಯುತ್ತಿದ್ದಾತನಿಗೆ ದೇಹಾಲಸ್ಯವೋ ಏನೋ ಎಂದು ಕಳವಳಪಟ್ಟು ವಿಚಾರಿಸಿದ್ದಾರೆ. ಅವರ ವಿಶ್ವಾಸಕ್ಕೆ ನಾನು ಕೃತಜ್ಞನಾಗಿದ್ದೇನೆ. ದೇಹಕ್ಕೆ ಏನೂ ಆಗಿರಲಿಲ್ಲ. ನಾನೂ ನನ್ನ ಮನೆಯವರೂ ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾದಲ್ಲಿ ನೆಲಸಿರುವ ನನ್ನ ಸೋದರಳಿಯನ ಮನೆಗೆ ಹೋಗಿದ್ದೆವು. ಅಲ್ಲಿಂದಲೇ ಬರೆದು ಕಳುಹಿಸಬಹುದಾಗಿತ್ತಷ್ಟೆ. ಆದರೆ ಬರೆಯಲು ಕುಳಿತಾಗಲೆಲ್ಲ ಒಂದೇ ವಿಷಯವು ಎದುರಿಗೆ ಬಂದು ನಿಲ್ಲುತ್ತಿತ್ತು. ಅದನ್ನು ಬರೆಯುವುದಕ್ಕೆ ಆಗ ನನಗೆ ಅಧಿಕಾರವಿರಲಿಲ್ಲ. ಈಗ ಆ ಅಧಿಕಾರವನ್ನು ಕೊಡಬೇಕಾದವನೇ ಕೊಟ್ಟಿದ್ದಾನೆ. “ಬರೆಯಿರಿ ಮಾವ, ಹೆಸರೊಂದನ್ನು ಬಿಟ್ಟು” ಎಂದಿದ್ದಾನೆ. ಆದಕಾರಣ ಅವನ ಹೆಸರನ್ನೂ ನಾವು ಇಳಿದುಕೊಂಡಿದ್ದ ಹೋಟಲಿನ ಹೆಸರನ್ನೂ ಬಿಟ್ಟು ಮಿಕ್ಕದ್ದನ್ನು ಹೇಳುತ್ತೇನೆ.

ಅಕ್ಟೋಬರು ತಿಂಗಳಿನಲ್ಲಿ ಒಂದು ದಿನ ಊಟಕ್ಕೆ ಕುಳಿತಿದ್ದಾಗ ಅಳಿಯನು, “ಮಾವ, ಇಷ್ಟು ದೂರ ಬಂದಿದ್ದೀರಿ. ಅತ್ತೆಗೆ ಲಾಸ್ ವೇಗಸ್ ಪಟ್ಟಣವನ್ನು ತೋರಿಸಿಕೊಂಡು ಬರೋಣ, ಎರಡು ರಾತ್ರಿ ಇದ್ದು ಬಂದರಾಯಿತು” ಎಂದನು.

“ಜೂಜಾಡುವವರ ಊರಂತೆ, ಅಲ್ಲಿ ನಮಗೇನಪ್ಪ ಕೆಲಸ?” ಎಂದರು ನನ್ನ ಮನೆಯವರು.

“ಆಡುವವರು ಆಡುತ್ತಾರೆ, ನೋಡುವವರು ನೋಡುತ್ತಾರೆ ಅತ್ತೆ. ಊರಿನ ಪಶ್ಚಿಮಕ್ಕೆ ಕೆಂಪು ಕಲ್ಲಿನ ಬೆಟ್ಟಗಳಿವೆ, ಆಗ್ನೇಯಕ್ಕೆ ಹೂವರ್ ಅಣೆಕಟ್ಟು ಇದೆ. ನಾವು ಇಳಿದುಕೊಳ್ಳುವುದು ಆ ಗದ್ದಲದ ಬೀದಿಯಲ್ಲಲ್ಲ. ಅದಕ್ಕೆ ದೂರವಾದ ಬೇರೊಂದು ಹೋಟಲಿನಲ್ಲಿ. ಅದು ಈಚೆಗೆ ಬಹಳ ಹೆಸರಾಗಿದೆ.”

ಅವನ ಹೆಂಡತಿಯು ಬರಲಿಲ್ಲ. ನಾಲ್ಕು ವರ್ಷದ ಮಗಳಿಗೆ ನೆಗಡಿ ಕೆಮ್ಮು. “ಇವರು ಆಫೀಸಿನ ಕೆಲಸಕ್ಕೆಂದು ಆಗಾಗ್ಗೆ ಅಲ್ಲಿಗೆ ಹೋಗಿ ಅಭ್ಯಾಸವಿದೆ, ನಿಮಗೆ ಯಾವ ತೊಂದರೆಯೂ ಆಗದು” ಎಂದು ಹೇಳಿ ದಾರಿಗೆ ಚಿತ್ರಾನ್ನವನ್ನು ಕಟ್ಟಿಕೊಟ್ಟಳು.

ದಾರಿಯು ಸುಮಾರು 270 ಮೈಲಿ. ಮೊಹಾವಿ ಎಂಬ ಮರುಭೂಮಿಯ ನಡುವೆ ಹೆದ್ದಾರಿಯು ನೂಲು ಹಿಡಿದಂತೆ ಸಾಗುತ್ತದೆ. ಐದು ಗಂಟೆಗಳ ಕಾಲ ಬೋಳುಗುಡ್ಡಗಳಲ್ಲದೆ ಬೇರೇನೂ ಕಾಣದು. ನೆವಾಡಾ ಸಂಸ್ಥಾನದ ಎಲ್ಲೆಯನ್ನು ದಾಟಿದ ಮೇಲೆ ಪೆಟ್ರೋಲು ಹಾಕಿಸಲು ನಿಂತೆವು. ಆ ಅಂಗಡಿಯೊಳಗೆ ಬಿಸ್ಕತ್ತು ಹಾಲುಗಳ ಪಕ್ಕದಲ್ಲಿಯೇ ಜೂಜಿನ ಯಂತ್ರಗಳು ನಿಂತಿದ್ದುವು. ಆ ಸಂಸ್ಥಾನದಲ್ಲಿ ದಿನಸಿ ಅಂಗಡಿಗಳಿಗೂ ಪೆಟ್ರೋಲು ಅಂಗಡಿಗಳಿಗೂ ಹದಿನೈದು ಯಂತ್ರಗಳವರೆಗೆ ಇಟ್ಟುಕೊಳ್ಳಲು ಪರವಾನಗಿ ದೊರೆಯುತ್ತದೆಯಂತೆ. ಹಾಲು ಕೊಳ್ಳಲು ಬಂದ ಹೆಂಗಸೊಬ್ಬಳು ಕೈಯಲ್ಲಿದ್ದ ಚಿಲ್ಲರೆ ನೋಟನ್ನು ಯಂತ್ರಕ್ಕೆ ಕೊಟ್ಟು, ಒಂದು ನಿಮಿಷ ನಿಂತಿದ್ದು, ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದೆ ಹೊರಟುಹೋದಳು.

ಲಾಸ್ ವೇಗಸ್ ಎಂದೊಡನೆ ಚಿತ್ರಗಳಲ್ಲಿ ಕಾಣುವ ದೀಪಗಳ ಬೀದಿಗೆ ಅಲ್ಲಿಯವರು ‘ಸ್ಟ್ರಿಪ್’ ಎನ್ನುತ್ತಾರೆ. ನಾಲ್ಕು ಮೈಲಿಗಿಂತ ತುಸು ಉದ್ದ. ವರ್ಷಕ್ಕೆ ಈ ಊರಿಗೆ ಬರುವವರು ಸುಮಾರು 4 ಕೋಟಿ ಜನ. ಅವರಲ್ಲಿ ಬಹುಮಂದಿ ನೋಡುವುದು ಇದೊಂದೇ ಬೀದಿಯನ್ನು. ವಿನೋದವೇನೆಂದರೆ, ಈ ಬೀದಿಯ ಬಹುಭಾಗವು ಲಾಸ್ ವೇಗಸ್ ನಗರಸಭೆಯ ಎಲ್ಲೆಯೊಳಗೇ ಇಲ್ಲ. ನಿಜವಾದ ಊರು ಅದರ ಉತ್ತರಕ್ಕಿದೆ. 1905ರಲ್ಲಿ ರೈಲ್ವೆ ಕಂಪೆನಿಯವರು ನಿವೇಶನಗಳನ್ನು ಹರಾಜು ಹಾಕಿದಾಗ ಹುಟ್ಟಿದ ಊರು ಅದು. 1931ರಲ್ಲಿ ನೆವಾಡಾದ ಶಾಸನಸಭೆಯವರು ಜೂಜನ್ನು ಕಾಯಿದೆಬದ್ಧವಾಗಿ ಮಾಡಿದರು. ಅದೇ ವರ್ಷ ಕೊಲೊರಾಡೋ ನದಿಗೆ ಅಣೆಕಟ್ಟೆಯ ಕೆಲಸವೂ ಪ್ರಾರಂಭವಾಯಿತು. ಕೆಲಸಗಾರರಿಗಾಗಿ ಕೇಂದ್ರ ಸರ್ಕಾರದವರು ಬೌಲ್ಡರ್ ಸಿಟಿ ಎಂಬ ಹೊಸ ಊರನ್ನು ಕಟ್ಟಿಸಿ, ಅಲ್ಲಿ ಜೂಜನ್ನು ನಿಷೇಧಿಸಿದರು. ಇಂದಿಗೂ ಅಲ್ಲಿ ಜೂಜಿಲ್ಲ. ಆದರೆ ಸಂಬಳದ ದಿನ ಕೆಲಸಗಾರರ ಕಾಲುಗಳು ಎತ್ತ ಹೋಗುತ್ತಿದ್ದುವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತೈದು ಮೈಲಿಯಾಚೆ ಫ್ರೀಮಾಂಟ್ ಬೀದಿಯಲ್ಲಿ ದೀಪಗಳು ಉರಿಯುತ್ತಿದ್ದುವು.

1941ರಲ್ಲಿ ಎಲ್ ರ್‍ಯಾಂಚೊ ವೇಗಸ್ ಎಂಬ ಹೋಟಲನ್ನು ಕಟ್ಟಿದವರು ಬೇಕೆಂದೇ ಊರಿನ ಹೊರಗೆ, ಲಾಸ್ ಏಂಜಲಿಸ್ ದಾರಿಯ ಬದಿಯಲ್ಲಿ ಕಟ್ಟಿದರು. ನೆಲ ಅಗ್ಗ, ನಗರದ ತೆರಿಗೆಯಿಲ್ಲ, ಕಾರು ನಿಲ್ಲಿಸಲು ಬೇಕಾದಷ್ಟು ಜಾಗ. ಇಂದು ಜಗತ್ತೆಲ್ಲ ಮುಖ್ಯ ಬೀದಿಯೆಂದು ನೋಡುವ ಸ್ಟ್ರಿಪ್ಪು ಹೀಗೆ ಹೊರಬೀದಿಯಾಗಿಯೇ ಜನ್ಮತಾಳಿತು. ಅದು ತುಂಬಿ ದುಬಾರಿಯಾದ ತರುವಾಯ ಅದರಿಂದಲೂ ಆಚೆಗೆ ಹೋಗುವುದು ಷೋಕಿಯಾಯಿತು. 1995ರಲ್ಲಿ ಸ್ಟ್ರಿಪ್ಪಿನ ಪೂರ್ವಕ್ಕೆ ಹಾರ್ಡ್ ರಾಕ್ ಹೋಟಲು ಬಂದಿತು. ಸಂಗೀತಗಾರರೂ ಚಲನಚಿತ್ರದ ನಟರೂ ಅಲ್ಲಿಗೆ ಮುಗಿಬಿದ್ದರು. 2001ರಲ್ಲಿ ಪಶ್ಚಿಮದಲ್ಲಿ, ಹೆದ್ದಾರಿಯ ಆಚೆಗೆ, ಪಾಮ್ಸ್ ಎಂಬುದು ಬಂದಿತು. ಮರುವರ್ಷ ಅಮೆರಿಕದ ದೂರದರ್ಶನದ ಒಂದು ಕಾರ್ಯಕ್ರಮಕ್ಕಾಗಿ ಏಳು ಮಂದಿ ತರುಣ ತರುಣಿಯರನ್ನು ಅಲ್ಲಿಯೇ ಇರಿಸಿ ಚಿತ್ರ ತೆಗೆದರು. ತರುಣರಿಗೆ ಅದು ತೀರ್ಥಕ್ಷೇತ್ರದಂತಾಯಿತು. ಷೋಕಿಯ ಆಯುಸ್ಸು ಎಷ್ಟು? ಹಾರ್ಡ್ ರಾಕ್ 2020ರಲ್ಲಿ ಮುಚ್ಚಿ, ಮರುವರ್ಷ ಬೇರೆ ಹೆಸರಿನಿಂದ ತೆರೆಯಿತು. ಪಾಮ್ಸ್ ಎರಡು ಸಲ ಕೈಬದಲಾಯಿಸಿ, ಸಾಂಕ್ರಾಮಿಕದ ಎರಡು ವರ್ಷ ಬೀಗ ಹಾಕಿಸಿಕೊಂಡು, 2022ರಲ್ಲಿ ಸ್ಯಾನ್ ಮಾನ್ಯುಯೆಲ್ ಎಂಬ ಆದಿವಾಸಿ ಜನಾಂಗದವರ ಒಡೆತನದಲ್ಲಿ ಪುನಃ ತೆರೆಯಿತು. ಆ ಊರಿನಲ್ಲಿ ಆದಿವಾಸಿ ಜನಾಂಗವೊಂದು ಕ್ಯಾಸಿನೊ ಹೋಟಲಿಗೆ ಒಡೆಯನಾದುದು ಅದೇ ಮೊದಲು. ಇಷ್ಟನ್ನು ಅಳಿಯನು ಕಾರು ನಡೆಸುತ್ತಲೇ ನನಗೆ ಹೇಳಿದನು. ಇವನಿಗೆ ಇದೆಲ್ಲ ಎಷ್ಟು ಚೆನ್ನಾಗಿ ಗೊತ್ತಿದೆಯೆಂದು ನಾನು ಮನಸ್ಸಿನಲ್ಲಿಯೇ ಮೆಚ್ಚಿಕೊಂಡೆ.

ನಾವು ಇಳಿದ ಹೋಟಲೂ ಈ ಜಾತಿಯದೇ. ಕಾರು ನಿಲ್ಲಿಸುವುದಕ್ಕೆ ಕಾಸಿಲ್ಲ. ಸ್ಟ್ರಿಪ್ಪಿನ ದೊಡ್ಡ ಹೋಟಲುಗಳು 2016ರಿಂದೀಚೆಗೆ ಇದಕ್ಕೂ ಹಣ ತೆಗೆದುಕೊಳ್ಳಲಾರಂಭಿಸಿವೆಯಂತೆ. ಬಾಗಿಲಿನಿಂದ ಲಿಫ್ಟಿಗೆ ಅರ್ಧ ಮೈಲಿ ನಡೆಯಬೇಕಾಗಿಲ್ಲ. ಗೋಡೆಗಳ ಮೇಲೆ ಏನೆಂದು ಅರ್ಥವಾಗದ ದೊಡ್ಡ ದೊಡ್ಡ ಚಿತ್ರಗಳು. ಗಾಳಿಯಲ್ಲಿ ಅದೇನೋ ಸುಗಂಧ. ಆ ಸುಗಂಧದ ಕೆಳಗೆ ಸಿಗರೇಟಿನ ಹೊಗೆಯ ವಾಸನೆಯೂ ಇತ್ತು. ನೆವಾಡಾದಲ್ಲಿ 2006ರಲ್ಲಿ ಧೂಮಪಾನದ ಮೇಲೆ ಕಾಯಿದೆ ಬಂದಿದ್ದರೂ ಕ್ಯಾಸಿನೊಗಳ ಆಟದ ಅಂಗಳಕ್ಕೆ ಅದು ತಗಲದು. ನನ್ನ ಮನೆಯವರು ಸೆರಗನ್ನು ಮೂಗಿಗೆ ಅಡ್ಡ ಹಿಡಿದುಕೊಂಡೇ ಆ ಅಂಗಳವನ್ನು ದಾಟಿದರು. ದಾಟಲೇಬೇಕು. ಕೋಣೆಗೆ ಹೋಗಬೇಕಾದರೂ, ಊಟಕ್ಕೆ ಹೋಗಬೇಕಾದರೂ, ಹೊರಗೆ ಬರಬೇಕಾದರೂ ಯಂತ್ರಗಳ ನಡುವೆಯೇ ದಾರಿ. ಗುಡಿಯಲ್ಲಿ ಪ್ರದಕ್ಷಿಣೆ ಬಾರದೆ ಗರ್ಭಗುಡಿಗೆ ಹೋಗಕೂಡದೆಂಬ ನಿಯಮವಿದ್ದಂತೆ! ಹಳೆಯ ಕ್ಯಾಸಿನೊಗಳಲ್ಲಿ ತಗ್ಗಾದ ಚಾವಣಿ, ಮಬ್ಬು ಬೆಳಕು, ದಾರಿ ತಪ್ಪಿಸುವ ಓಣಿಗಳು ಇರುತ್ತಿದ್ದುವಂತೆ. ಈಗಿನ ಷೋಕಿಯವರು ಚಾವಣಿಯನ್ನು ಎತ್ತರಿಸಿ ಬೆಳಕು ಬಿಟ್ಟಿದ್ದಾರೆ. ಮನಸ್ಸಿಗೆ ಹಾಯೆನಿಸಿದವನು ಹೆಚ್ಚು ಹೊತ್ತು ಕುಳಿತಾನೆಂಬ ಎಣಿಕೆ. ಗಡಿಯಾರ ಮಾತ್ರ ಎಲ್ಲಿಯೂ ಕಾಣಲಿಲ್ಲ.

ಕೋಣೆಯು ದಿವ್ಯವಾಗಿತ್ತು. ಒಂದು ಕಿಟಕಿಯಿಂದ ಪಶ್ಚಿಮದ ಬೆಟ್ಟಸಾಲು, ಮೊಗಸಾಲೆಯ ಕೊನೆಯ ಕಿಟಕಿಯಿಂದ ಸ್ಟ್ರಿಪ್ಪಿನ ದೀಪಗಳು. ದೂರದಿಂದ ನೋಡಿದರೆ ಮೈಸೂರಿನ ಅರಮನೆಯ ದೀಪಾಲಂಕಾರವನ್ನು ಯಾರೋ ಎಳೆದು ಎಳೆದು ನಾಲ್ಕು ಮೈಲಿ ಮಾಡಿದಂತೆ ಕಾಣುತ್ತಿತ್ತು. ಆದರೆ ಅಷ್ಟು ದೊಡ್ಡ ಕೋಣೆಯಲ್ಲಿ ಒಂದು ಲೋಟ ನೀರು ಕಾಯಿಸುವುದಕ್ಕೆ ಸಾಧನವಿರಲಿಲ್ಲ. ಆ ಊರಿನ ಅನೇಕ ಹೋಟಲುಗಳಲ್ಲಿ ಇದೇ ಪದ್ಧತಿ. ಕಾಫಿ ಬೇಕಾದವನು ಕೆಳಗಿಳಿದು ಬರಲಿ ಎಂಬುದೇ ಅದರ ತಾತ್ಪರ್ಯ. ಕೆಳಗಿಳಿದು ಬಂದವನು ಯಾವುದನ್ನು ದಾಟಿ ಹೋಗಬೇಕೆಂಬುದನ್ನು ಆಗಲೇ ಹೇಳಿದ್ದೇನೆ. ನನ್ನ ಮನೆಯವರು ಇದನ್ನು ಮುಂಚಿತವಾಗಿಯೇ ಕೇಳಿ ತಿಳಿದುಕೊಂಡು, ಮನೆಯಿಂದ ವಿದ್ಯುತ್ತಿನ ಕೆಟಲನ್ನೂ ಕಾಫಿಪುಡಿಯನ್ನೂ ಒಗ್ಗರಣೆ ಹಾಕಿದ ಅವಲಕ್ಕಿಯನ್ನೂ ಪೆಟ್ಟಿಗೆಯಲ್ಲಿ ತಂದಿದ್ದರು. ಆ ಹೋಟಲಿನ ದೊಡ್ಡ ದೊಡ್ಡ ಬುದ್ಧಿಶಾಲಿಗಳು ಹೂಡಿದ್ದ ಹಂಚಿಕೆಯನ್ನು ಒಂದು ಡಬ್ಬಿ ಅವಲಕ್ಕಿಯು ಹೀಗೆ ಮುರಿಯಿತು.

ಈಗ ಹಣದ ವಿಷಯಕ್ಕೆ ಬರುತ್ತೇನೆ. ಕೋಣೆ ಹಿಡಿಯುವಾಗ ನಾನು ನನ್ನ ಪಾಲನ್ನು ಕೊಡುವುದಾಗಿ ಹಟಹಿಡಿದು ಕೌಂಟರಿನ ಬಳಿ ನಿಂತಿದ್ದೆ. ಅಲ್ಲಿದ್ದ ತರುಣಿಯು ಅಳಿಯನನ್ನು ಹೆಸರು ಹಿಡಿದು ಕರೆದು ನಕ್ಕು, ಎರಡು ಕೋಣೆಗಳ ಕೀಲಿಗಳನ್ನೂ ಊಟದ ಚೀಟಿಗಳನ್ನೂ ಕೊಟ್ಟು, ಕೊಡಬೇಕಾದುದು ಏನೂ ಇಲ್ಲವೆಂದಳು. ಎರಡು ಕೋಣೆ, ಎರಡು ರಾತ್ರಿ, ಬಿಟ್ಟಿ! “ನೋಡಿದಿರಾ, ನಮ್ಮ ಹುಡುಗನಿಗೆ ಇಲ್ಲಿ ಎಷ್ಟು ಮರ್ಯಾದೆ!” ಎಂದು ನನ್ನ ಮನೆಯವರು ಹಿಗ್ಗಿದರು. ನನಗೂ ಆ ಕ್ಷಣದಲ್ಲಿ ಹೆಮ್ಮೆಯೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ರಾತ್ರಿ ಊಟದ ಮೇಜಿನಲ್ಲಿ ಕೇಳಿದೆ: “ಅಲ್ಲವೋ, ಹೋಟಲಿನವನು ಕೋಣೆಯನ್ನು ಯಾತಕ್ಕೆ ಬಿಟ್ಟಿ ಕೊಡುತ್ತಾನೆ?”

“ಅದಕ್ಕೆ ಕಾಂಪ್ ಎನ್ನುತ್ತಾರೆ ಮಾವ. ಆಡುವವರಿಗೆ ಒಂದು ಕಾರ್ಡು ಕೊಟ್ಟಿರುತ್ತಾರೆ. ಯಂತ್ರದಲ್ಲಿ ಅದನ್ನು ಸೇರಿಸಿ ಆಡಿದರೆ ಎಷ್ಟು ಆಡಿದರೆಂದು ಲೆಕ್ಕವಿಡುತ್ತಾರೆ. ಅದರ ಮೇಲೆ, ತಮಗೆ ಬರಬಹುದಾದ ಲಾಭವನ್ನು ಅಂದಾಜು ಮಾಡಿ, ಅದರಲ್ಲಿ ನೂರಕ್ಕೆ ಇಪ್ಪತ್ತೋ ಮೂವತ್ತೋ ಭಾಗವನ್ನು ಕೋಣೆ ಊಟಗಳ ರೂಪದಲ್ಲಿ ಹಿಂದಕ್ಕೆ ಕೊಡುತ್ತಾರೆ.”

“ಹಾಗಾದರೆ ನೀನು ಆಡಿದ್ದೆಯೋ?”

“ಆಫೀಸಿನ ಕೆಲಸಕ್ಕೆ ಬಂದಾಗ ಸ್ನೇಹಿತರ ಜೊತೆ ಒಂದೆರಡು ಸಲ” ಎಂದು, ಅತ್ತೆಗೆ ಇನ್ನೊಂದು ಚೂರು ಬ್ರೆಡ್ಡು ಬೇಕೇ ಎಂದು ಕೇಳಿದನು.

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಒಂದು ಅಂಕಿ ಕಿವಿಗೆ ಬಿದ್ದರೆ ಅದು ನನ್ನ ತಲೆಯೊಳಗೆ ಸುಮ್ಮನಿರದು. ಆದರೂ ಆ ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಸುತ್ತಿ ನೋಡುವುದರಲ್ಲಿ ಅದನ್ನು ಮರೆತೆ.

ಸುತ್ತಿ ನೋಡಿದರೆ, ಅಲ್ಲಿ ಆಡುತ್ತಿದ್ದವರು ನಮ್ಮ ಹಾಗೆ ಪ್ರವಾಸ ಬಂದವರೇ ಅಲ್ಲ. ಒಬ್ಬನು ಬೇರೆ ಯಾವುದೋ ಹೋಟಲಿನ ಅಡಿಗೆಯವನ ಅಂಗಿಯಲ್ಲಿದ್ದನು. ಒಬ್ಬ ಮುದುಕಿಯು ಆಮ್ಲಜನಕದ ಸಣ್ಣ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡು ಆಡುತ್ತಿದ್ದಳು. ಸ್ಟ್ರಿಪ್ಪಿನಾಚೆಯ ಹೋಟಲುಗಳು ಬಹುಮಟ್ಟಿಗೆ ನಿಂತಿರುವುದು ಊರಿನವರ ಮೇಲೆಯೇ. 1979ರಲ್ಲಿ ಬೌಲ್ಡರ್ ಹೆದ್ದಾರಿಯಲ್ಲಿ ತೆರೆದ ಸ್ಯಾಮ್ಸ್ ಟೌನ್ ಎಂಬುದು ಈ ಬಗೆಯ ಊರವರ ಕ್ಯಾಸಿನೊಗಳಲ್ಲಿ ಹಳೆಯದು. ಕೆಲಸಗಾರರ ಸಂಬಳದ ಚೆಕ್ಕುಗಳನ್ನು ಅಲ್ಲಿಯೇ ನಗದು ಮಾಡಿಕೊಡುವುದು ಇಂತಹ ಕ್ಯಾಸಿನೊಗಳ ಒಂದು ವಾಡಿಕೆಯಾಗಿತ್ತು. ಸ್ಟ್ರಿಪ್ಪಿನಲ್ಲಿ ಹಾಸಿಗೆ ಹಾಸಿ, ತಟ್ಟೆ ತೊಳೆದು ಗಳಿಸಿದ್ದು ಮನೆಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿಯುತ್ತಿತ್ತು. ನತಾಶಾ ಡೌ ಶುಲ್ ಎಂಬ ವಿದುಷಿಯು ಈ ಊರಿನ ಯಂತ್ರಜೂಜುಕೋರರ ನಡುವೆ ಬಹುಕಾಲ ಓಡಾಡಿ 2012ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದಾರೆ. ಆಕೆಯು ಕಂಡುಕೊಂಡ ಸಂಗತಿಯು ನಮ್ಮ ಎಣಿಕೆಗೆ ವಿರುದ್ಧವಾದುದು. ಚಟಕ್ಕೆ ಬಿದ್ದವನು ಗೆಲ್ಲುವುದಕ್ಕಾಗಿ ಆಡುವುದಿಲ್ಲವಂತೆ. ಆಡುತ್ತಲೇ ಇರುವುದಕ್ಕಾಗಿ ಆಡುತ್ತಾನಂತೆ. ಯಂತ್ರದ ಮುಂದೆ ಕುಳಿತಿರುವಷ್ಟು ಹೊತ್ತು ಮನೆ, ಸಾಲ, ಕಾಯಿಲೆ ಯಾವುದೂ ಇರುವುದಿಲ್ಲ. ಈ ಗ್ರಂಥವನ್ನು ನಾನು ಆಮೇಲೆ ಓದಿದೆ. ಆ ರಾತ್ರಿ ತಿಳಿದಿದ್ದರೆ ಆ ಮುಖಗಳು ನನಗೆ ಅಷ್ಟು ಒಗಟಾಗಿ ಕಾಣುತ್ತಿರಲಿಲ್ಲ.

ರಾತ್ರಿ ಮೂರು ಗಂಟೆಯ ಸುಮಾರಿಗೆ ಎಚ್ಚರವಾಯಿತು. ಗಂಟಲು ಒಣಗಿತ್ತು, ತಂದಿದ್ದ ನೀರು ಮುಗಿದಿತ್ತು. ಮನೆಯವರನ್ನು ಎಬ್ಬಿಸದೆ ಕೆಳಗಿಳಿದೆ. ಅಂಗಳದಲ್ಲಿ ಸಂಜೆಯಿದ್ದಷ್ಟೇ ಬೆಳಕು, ಅಷ್ಟೇ ಸದ್ದು. ನೀರಿನ ಸೀಸೆ ಮಾರುವ ಅಂಗಡಿಯತ್ತ ಹೋಗುತ್ತಿದ್ದಾಗ ಮೂರನೆಯ ಸಾಲಿನಲ್ಲಿ ಅಳಿಯನ ಬೆನ್ನು ಕಂಡಿತು.

ಆ ಬೆನ್ನನ್ನು ನಾನು ಅವನು ಐದು ವರ್ಷದವನಾಗಿದ್ದಾಗಿನಿಂದ ಬಲ್ಲೆ. ಮಗ್ಗಿ ಬರೆಯಲು ಕುಳಿತರೆ ಹೀಗೆಯೇ ಸ್ವಲ್ಪ ಎಡಕ್ಕೆ ಬಾಗುತ್ತಿದ್ದನು. ಕರೆಯಲಿಲ್ಲ. ಒಂದು ಕಂಬದ ಮರೆಯಲ್ಲಿ ನಿಂತುಕೊಂಡೆ. ಬಲಗೈಯ ಬೆರಳು ಗುಂಡಿಯ ಮೇಲೆ. ಎಡಗೈ ತೊಡೆಯ ಮೇಲೆ ನಿಶ್ಚಲವಾಗಿತ್ತು. ಯಂತ್ರದ ಮೇಲೆ ಪಣವು 5 ಡಾಲರು ಎಂದು ಕಾಣುತ್ತಿತ್ತು. ಕೈಗಡಿಯಾರ ನೋಡಿ ಎಣಿಸಿದೆ: ನಿಮಿಷಕ್ಕೆ ಹತ್ತು ಸಲ ಒತ್ತುತ್ತಿದ್ದನು. ಒಮ್ಮೆ ಯಂತ್ರವು ದೀಪಗಳನ್ನು ಮಿನುಗಿಸಿ ವಾದ್ಯ ಬಾರಿಸಿ ಎಷ್ಟನ್ನೋ ಕೊಟ್ಟಿತು. ಅವನ ತಲೆಯು ಅಲುಗಲಿಲ್ಲ, ಮರುಕ್ಷಣವೇ ಒತ್ತಿದನು. ಅದನ್ನು ನೋಡಿ ನನಗೆ ನಿಜವಾಗಿ ಭಯವಾಯಿತು. ಸೋತಾಗ ಮುಖ ಬಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಗೆದ್ದಾಗ ಹಿಗ್ಗದವನನ್ನು ಅಂದಿನವರೆಗೆ ಕಂಡಿರಲಿಲ್ಲ.

ನೀರು ಕೊಳ್ಳದೆಯೇ ಮೇಲಕ್ಕೆ ಬಂದು ಹೋಟಲಿನ ಕಾಗದದ ಮೇಲೆ ಲೆಕ್ಕ ಹಾಕಿದೆ. ವಾಚಕರಲ್ಲಿ ಲೆಕ್ಕವನ್ನು ಇಷ್ಟಪಡದವರು ಒಂದು ನಿಮಿಷ ಸಹಿಸಿಕೊಳ್ಳಬೇಕು. ಕ್ಯಾಸಿನೊದವನು ಮೋಸ ಮಾಡುತ್ತಾನೆಂದು ಅನೇಕರು ತಿಳಿದಿದ್ದಾರೆ. ಮೋಸದ ಆವಶ್ಯಕತೆಯೇ ಅವನಿಗಿಲ್ಲ. ಅಮೆರಿಕದ ರೂಲೆಟ್ ಚಕ್ರದಲ್ಲಿ ಸಾಮಾನ್ಯವಾಗಿ 38 ಮನೆಗಳಿರುತ್ತವೆ. ಪ್ರತಿಯೊಂದು ಮನೆಯ ಮೇಲೂ ಒಂದೊಂದು ಡಾಲರನ್ನು ಇಟ್ಟವನು 38 ಡಾಲರು ಕೊಟ್ಟು 36ನ್ನು ಹಿಂದಕ್ಕೆ ಪಡೆಯುತ್ತಾನೆ. ಉಳಿದ ಎರಡು ಡಾಲರು ಒಡೆಯನದು. ಎಂದರೆ ನೂರಕ್ಕೆ ಐದೂಕಾಲು. ಚಕ್ರವು ಎಷ್ಟು ಪ್ರಾಮಾಣಿಕವಾಗಿ ತಿರುಗಿದರೂ ಅದು ಅವನದೇ. ಯಂತ್ರಗಳ ಲೆಕ್ಕವು ಕಣ್ಣಿಗೆ ಕಾಣದು. ಹಾಕಿದ ನೂರರಲ್ಲಿ ಸರಾಸರಿ 75ಕ್ಕೆ ಕಡಮೆಯಾಗದಂತೆ ಹಿಂದಕ್ಕೆ ಕೊಡಬೇಕೆಂದು ನೆವಾಡಾದ ನಿಯಮ. ವಾಸ್ತವವಾಗಿ ಅದಕ್ಕಿಂತ ಬಹಳ ಹೆಚ್ಚಾಗಿಯೇ ಕೊಡುತ್ತಾರೆ. ನಾನು ಒಡೆಯನ ಪಾಲನ್ನು ನೂರಕ್ಕೆ 6 ಎಂದು ಇಟ್ಟುಕೊಂಡೆ. ಅಲ್ಪವೆಂದು ತೋರುವುದಷ್ಟೆ? ಆದರೆ ಗಂಟೆಗೆ 600 ಸಲ, ಸಲಕ್ಕೆ 5 ಡಾಲರು. ಗಂಟೆಗೆ 3000 ಡಾಲರು ಆ ಗುಂಡಿಯ ಕೆಳಗೆ ಹಾಯುತ್ತದೆ. ಅದರಲ್ಲಿ ನೂರಕ್ಕೆ ಆರರಂತೆ 180. ಎರಡು ರಾತ್ರಿ, ರಾತ್ರಿಗೆ ಐದು ಗಂಟೆ ಎಂದರೆ 1800.

ಇನ್ನು ಇನ್ನೊಂದು ಕಡೆಯಿಂದ ಹಿಡಿದೆ. 2025ರ ಮೇ ತಿಂಗಳಿನಿಂದ ಅಮೆರಿಕದ ಹೋಟಲುಗಳು ಕಡ್ಡಾಯವಾದ ಶುಲ್ಕಗಳನ್ನೆಲ್ಲ ಸೇರಿಸಿಯೇ ಕೋಣೆಯ ದರವನ್ನು ತಿಳಿಸಬೇಕೆಂದು ಕೇಂದ್ರ ಸರ್ಕಾರದ ನಿಯಮವಾಗಿದೆ. ಆದಕಾರಣ ನಮ್ಮ ಕೋಣೆಯ ದರವು ಫೋನಿನಲ್ಲಿ ಸುಲಭವಾಗಿ ಸಿಕ್ಕಿತು: ವಾರದ ನಡುವಿನ ದಿನಕ್ಕೆ 120 ಡಾಲರು. ಎರಡು ಕೋಣೆ, ಎರಡು ರಾತ್ರಿ, 480. ನಾಲ್ಕನೆಯ ಒಂದು ಪಾಲನ್ನು ಹಿಂದಕ್ಕೆ ಕೊಡುತ್ತಾರೆಂದು ಅವನೇ ಹೇಳಿದ್ದನಷ್ಟೆ? ಹಾಗಾದರೆ ಅವನು ಬಂದಾಗಲೆಲ್ಲ ಅವರಿಗೆ ಬರಬಹುದೆಂದು ಅಂದಾಜಿರುವ ಲಾಭವು 1920. ಎರಡು ಲೆಕ್ಕಗಳೂ ಒಂದೇ ಕಡೆಗೆ ಬಂದು ನಿಂತವು. ಬ್ಯಾಂಕಿನಲ್ಲಿ ಹೀಗೆ ಲೆಕ್ಕ ತಾಳೆಯಾದ ಸಂಜೆ ನಾನು ಸಂತೋಷದಿಂದ ಮನೆಗೆ ಹೋಗುತ್ತಿದ್ದೆ.

ಇಲ್ಲಿ ನನ್ನ ಅಕ್ಕನ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ನನ್ನ ಭಾವನವರು ಸಜ್ಜನರು, ಯಾರಿಗೂ ಎದುರಾಡಿದವರಲ್ಲ. ಸಂಜೆ ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತಿದ್ದರು. ಮನೆ ಕಟ್ಟಿಸಬೇಕೆಂದು ಮೈಸೂರಿನಲ್ಲಿ ಕೊಂಡಿದ್ದ ನಿವೇಶನವು ಹೋದುದು ಅಕ್ಕನಿಗೆ ತಿಳಿದದ್ದು, ಕೊಂಡವರು ಬಂದು ಬೇಲಿ ಹಾಕಿದ ದಿನ. ಭಾವನವರು ತೀರಿಕೊಂಡ ಮೇಲೆ ಅವಳು ಕೈಬಳೆಗಳನ್ನು ಮಾರಿ ಈ ಹುಡುಗನನ್ನು ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದಳು. ದೀಪಾವಳಿಯ ರಾತ್ರಿ ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳು ಬಿಡಿಗಾಸಿಟ್ಟು ಆಡುತ್ತಿದ್ದರೂ ಅವಳ ಮನೆಗೆ ಇಸ್ಪೀಟಿನ ಎಲೆ ಬಂದುದನ್ನು ನಾನು ಕಾಣೆ.

ಬೆಳಿಗ್ಗೆ ಅಳಿಯನು ಸ್ನಾನಮಾಡಿ, ನಗುನಗುತ್ತ, ನಮ್ಮನ್ನು ಕೆಂಪು ಕಲ್ಲಿನ ಬೆಟ್ಟಗಳಿಗೆ ಕರೆದುಕೊಂಡು ಹೋದನು. ರೆಡ್ ರಾಕ್ ಕಣಿವೆಯು ಸ್ಟ್ರಿಪ್ಪಿನಿಂದ ಹದಿನೇಳು ಮೈಲಿ. ಅಲ್ಲಿ ಸುತ್ತಿಬರುವುದಕ್ಕೆ ಹದಿಮೂರು ಮೈಲಿಯ ಒಂದೇ ದಿಕ್ಕಿನ ದಾರಿಯಿದೆ. ಕಾವಿ ಬಣ್ಣದ ಮರಳುಕಲ್ಲಿನ ರಾಶಿಗಳು. ಅವುಗಳ ಮೇಲೆ ಬೂದು ಬಣ್ಣದ ಸುಣ್ಣಕಲ್ಲು. ಹಳೆಯ ಸುಣ್ಣಕಲ್ಲು ಹೊಸ ಮರಳುಕಲ್ಲಿನ ಮೇಲೆ ಏರಿ ಕುಳಿತಿರುವುದು ಭೂಗರ್ಭಶಾಸ್ತ್ರಜ್ಞರಿಗೆ ದೊಡ್ಡ ಕೌತುಕವಂತೆ. ಬೇರೆ ದಿನವಾಗಿದ್ದರೆ ಈ ಪುಟವನ್ನೆಲ್ಲ ಅದಕ್ಕೇ ಮೀಸಲಿಡುತ್ತಿದ್ದೆ.

ನನ್ನ ಮನೆಯವರು ಒಂದು ಬಂಡೆಯ ನೆರಳಿನಲ್ಲಿ ಕುಳಿತರು. ನಾವಿಬ್ಬರೂ ಸ್ವಲ್ಪ ದೂರ ನಡೆದೆವು. ನಾನು ಏನೂ ಹೇಳದೆ ಜೇಬಿನಿಂದ ಹೋಟಲಿನ ಕಾಗದವನ್ನು ತೆಗೆದು ಅವನ ಕೈಗೆ ಕೊಟ್ಟೆ. ಅವನು ಓದಿದನು. ತಪ್ಪಿದ ಲೆಕ್ಕವನ್ನು ತಿದ್ದುವ ಹುಡುಗನಂತೆ, “ಗಂಟೆಗೆ 600 ಅಲ್ಲ ಮಾವ, 700ರ ಹತ್ತಿರ ಆಗುತ್ತದೆ” ಎಂದನು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

“ಎಷ್ಟು ದಿನದಿಂದ?”

“ಎರಡು ವರ್ಷ. ಇಪ್ಪತ್ತೆರಡು ಸಲ ಬಂದಿದ್ದೇನೆ.”

“ನನ್ನ ಲೆಕ್ಕದಂತೆ 42 ಸಾವಿರ.”

“61 ಸಾವಿರ” ಎಂದನು. “ಆಫೀಸಿನ ಕೆಲಸವೆಂಬುದು ಮೊದಲ ಎರಡು ಸಲ ಮಾತ್ರ.”

“ನಿನ್ನ ಹೆಂಡತಿಗೆ ಗೊತ್ತೆ?”

“ಇಲ್ಲ. ಮಗುವಿನ ಓದಿಗೆಂದು ಇಟ್ಟಿದ್ದುದರಲ್ಲಿ ತೆಗೆದಿದ್ದೇನೆ.” ಸ್ವಲ್ಪ ತಡೆದು, “ನಿಮ್ಮನ್ನು ಯಾತಕ್ಕೆ ಕರೆದುಕೊಂಡು ಬಂದೆನೋ ನನಗೇ ಗೊತ್ತಿಲ್ಲ. ನೀವು ಇದ್ದರೆ ಕೆಳಗೆ ಹೋಗುವುದಿಲ್ಲವೆಂದುಕೊಂಡಿದ್ದೆ” ಎಂದನು.

ಬಯ್ಯಬೇಕೆಂದು ಬೆಳಗಿನಿಂದ ಮಾತುಗಳನ್ನು ಕೂಡಿಸಿಟ್ಟುಕೊಂಡಿದ್ದೆ. ಸೋದರಮಾವನಿಗೆ ಆ ಹಕ್ಕುಂಟು. ಆದರೆ ಆ ಕೊನೆಯ ಮಾತನ್ನು ಕೇಳಿದ ಮೇಲೆ ಬಯ್ಯಲು ಬಾಯಿ ಬರಲಿಲ್ಲ. ಅಮೆರಿಕದ ಮನೋವೈದ್ಯರ ಸಂಘವು ಜೂಜಿನ ಈ ಅತಿರೇಕವನ್ನು 1980ರಲ್ಲಿ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿತು. 2013ರಲ್ಲಿ ಅದನ್ನು ಮದ್ಯಪಾನದ ಚಟವಿರುವ ವರ್ಗಕ್ಕೇ ವರ್ಗಾಯಿಸಿತು. ಇದು ನಡತೆಗೇಡಿತನ ಮಾತ್ರವಲ್ಲ, ರೋಗವೂ ಹೌದೆಂದು ಅದರ ಅಭಿಪ್ರಾಯ. ನನ್ನ ಭಾವನವರ ಕಾಲದಲ್ಲಿ ನಮ್ಮಲ್ಲಿ ಯಾರಿಗೂ ಹಾಗೆ ತೋರಿರಲಿಲ್ಲ. ನಾವೆಲ್ಲ ಅವರಿಗೆ ಬುದ್ಧಿ ಹೇಳಿದ್ದೇ ಹೇಳಿದ್ದು.

ಹೋಟಲಿಗೆ ಹಿಂದಿರುಗಿದ ಮೇಲೆ ಇಬ್ಬರೂ ಕೌಂಟರಿಗೆ ಹೋದೆವು. ಕ್ಯಾಸಿನೊಗಳಲ್ಲಿ ಹಣ ಕೊಡುವ ಯಂತ್ರದ ಬಳಿ, ಜೂಜಿನ ಚಟದವರಿಗೆ ಸಹಾಯ ದೊರೆಯುವ ಫೋನಿನ ಸಂಖ್ಯೆಯುಳ್ಳ ಕಾಗದಗಳನ್ನು ಇಟ್ಟಿರಬೇಕೆಂದು ನೆವಾಡಾದಲ್ಲಿ ನಿಯಮವಿದೆ. ಹಿಂದಿನ ಸಂಜೆ ನಾನು ಅವನ್ನು ಯಾವುದೋ ಜಾಹೀರಾತೆಂದು ಭಾವಿಸಿದ್ದೆ. ಅದೇ ನಿಯಮಗಳ ಪ್ರಕಾರ, ಗಿರಾಕಿಯು ಕೇಳಿಕೊಂಡರೆ ಅವನಿಗೆ ಸಾಲ ಕೊಡುವುದನ್ನೂ ಚೆಕ್ಕು ನಗದು ಮಾಡುವುದನ್ನೂ ಟಪಾಲಿನಲ್ಲಿ ಆಹ್ವಾನ ಕಳುಹಿಸುವುದನ್ನೂ ನಿಲ್ಲಿಸುವ ಏರ್ಪಾಡು ಇರಬೇಕು. ಕೌಂಟರಿನ ತರುಣಿಯು ಅರ್ಜಿಯನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಆಕೆಯ ಮುಖದಲ್ಲಿ ಅಸಹನೆಯೇನೂ ಇರಲಿಲ್ಲ. ಕತ್ತರಿಯನ್ನು ತಾನೇ ಕೊಟ್ಟಳು. ಅಳಿಯನು ಆಟದ ಕಾರ್ಡನ್ನು ಎರಡು ತುಂಡು ಮಾಡಿದನು. ಒಂದು ತುಂಡನ್ನು ನಾನು ಇಟ್ಟುಕೊಂಡೆ, ಯಾತಕ್ಕೆಂದು ಹೇಳಲಾರೆ. ಎರಡನೆಯ ರಾತ್ರಿ ಅಲ್ಲಿ ಉಳಿಯಲಿಲ್ಲ. “ಕೋಣೆ ಬಿಟ್ಟಿಯಾಗಿತ್ತಲ್ಲ, ಇನ್ನೊಂದು ದಿನ ಇದ್ದು ಅಣೆಕಟ್ಟು ನೋಡಿ ಹೋಗಬಹುದಾಗಿತ್ತು” ಎಂದು ನನ್ನ ಮನೆಯವರು ದಾರಿಯುದ್ದಕ್ಕೂ ಪೇಚಾಡಿದರು. ಅವರಿಗೆ ವಿಷಯವು ತಿಳಿದದ್ದು ಮೂರು ದಿನಗಳ ಮೇಲೆ.

ಹೆಂಡತಿಗೆ ಅವನೇ ಹೇಳಿದನು. ಆ ರಾತ್ರಿ ಆ ಮನೆಯಲ್ಲಿ ನಡೆದುದು ಅವರಿಬ್ಬರಿಗೆ ಸೇರಿದ್ದು. ಮರುದಿನದಿಂದ ಬ್ಯಾಂಕಿನ ವ್ಯವಹಾರವೆಲ್ಲ ಆ ಹುಡುಗಿಯ ಕೈಯಲ್ಲಿದೆಯೆಂದು ಮಾತ್ರ ಹೇಳಬಲ್ಲೆ. 1957ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಇಂತಹವರೇ ಕೆಲವರು ಕೂಡಿ, ತಮ್ಮ ತಮ್ಮ ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಚಟದಿಂದ ದೂರವಿರಲು ಒಂದು ಸಂಘವನ್ನು ಆರಂಭಿಸಿದರು. ಗ್ಯಾಂಬ್ಲರ್ಸ್ ಅನಾನಿಮಸ್ ಎಂದು ಅದರ ಹೆಸರು. ಅಲ್ಲಿ ಯಾರೂ ಪೂರ್ಣನಾಮವನ್ನು ಹೇಳಬೇಕಾಗಿಲ್ಲ. ಅಳಿಯನ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಅದರ ಸಭೆಯು ಮಂಗಳವಾರ ಸಂಜೆ ನಡೆಯುತ್ತದೆ.

ನಾವು ಊರಿಗೆ ಹಿಂದಿರುಗಿದ ಮೇಲೆ ಅಕ್ಕನನ್ನು ನೋಡಲು ಹೋದೆ. ಹೇಗೆ ಮಾತು ತೆಗೆಯಲೆಂದು ಚಿಂತಿಸುತ್ತಿದ್ದೆ. ಅವಳು ಹೂ ಕಟ್ಟುತ್ತ ಕುಳಿತಿದ್ದವಳು ತಲೆಯೆತ್ತದೆಯೇ, “ಹೇಳಬೇಡ. ಅವನೇ ಫೋನು ಮಾಡಿ ಹೇಳಿದ” ಎಂದಳು. ಎರಡು ಮೊಳ ಕಟ್ಟಿಯಾದ ಮೇಲೆ, “ಅವನ ಅಪ್ಪ ಒಂದು ಸಲವಾದರೂ ತಾನಾಗಿ ಹೇಳಿದ್ದರೆ...” ಎಂದು ಅಷ್ಟಕ್ಕೇ ನಿಲ್ಲಿಸಿ, ಒಳಗೆ ಹೋಗಿ ನನಗೆ ಕಾಫಿ ತಂದಳು.

ಪ್ರತಿ ಮಂಗಳವಾರ ಸಭೆ ಮುಗಿದ ಮೇಲೆ ಅಳಿಯನು ನನಗೆ ಫೋನಿನಲ್ಲಿ ಒಂದು ಸಾಲು ಬರೆದು ಕಳುಹಿಸುತ್ತಾನೆ. ನಮಗೆ ಆಗ ಬುಧವಾರದ ಬೆಳಗು. ಹೋಗಿಬಂದೆ ಮಾವ, ಎಂದಿಷ್ಟೇ. ಇದನ್ನು ಬರೆಯುವ ಹೊತ್ತಿಗೆ ಹನ್ನೊಂದು ಮಂಗಳವಾರಗಳಾಗಿವೆ. ಎರಡು ಸಲ ಸುದ್ದಿ ಬರಲಿಲ್ಲ. ಒಂದು ಸಲ ಜ್ವರವಿತ್ತೆಂದು ಆಮೇಲೆ ತಿಳಿಸಿದನು. ಇನ್ನೊಂದರ ವಿಷಯ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಬುಧವಾರ ಮಾತ್ರ ಎಂದಿಗಿಂತ ಬೇಗ ಎದ್ದು ಫೋನನ್ನು ಹತ್ತಿರವಿಟ್ಟುಕೊಂಡು ಕುಳಿತಿದ್ದೆ. ಆರೂವರೆ ಗಂಟೆಗೆ ಬಂದಿತು.